ಆರಂಭಶೂರೆಯರ ಪರವಾಗಿ ಒಂದು ವಾದ

ಕಳೆದ ದಸರೆಯ ಸಂದರ್ಭದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತಿದೆ. ಅದನ್ನು ಬರೆಯದೆ ನನಗೆ ಸಮಾಧಾನವಿಲ್ಲ. ಬಂಧುಗಳಲ್ಲಿ ಕೆಲವರಿಗೆ ಈ ಬರಹ ಕಹಿಯೆನಿಸಬಹುದು, ಕ್ಷಮೆಯಿರಲಿ. ಆದರೆ 33 ವರ್ಷಗಳ ಕಾಲ ಕಪ್ಪುಹಲಗೆಯ ಮುಂದೆ ನಿಂತು “ಉತ್ತರ ಬರೆದರೆ ಸಾಲದು, ಹಂತಗಳನ್ನು ತೋರಿಸಬೇಕು” ಎಂದು ಗಣಿತ ಬೋಧಿಸಿದವಳು ನಾನು. ಇಲ್ಲಿಯೂ ಹಂತ ಹಂತವಾಗಿಯೇ ವಾದಿಸುತ್ತೇನೆ. ತಪ್ಪು ಕಂಡಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕುವ ಸ್ವಾತಂತ್ರ್ಯ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದ್ದೇ ಇದೆ!

ಗೊಂಬೆ ಕೂರಿಸುವ ದಿನ. ಪಟ್ಟದ ಗೊಂಬೆಗಳಿಗೆ ಉಡಿಸಲು ಜರಿಯಂಚಿನ ಒಂದು ತುಂಡು ಬಟ್ಟೆ ಬೇಕಾಯಿತು. ಮಹಡಿಯ ಕೋಣೆಯ ಬೀರುವಿನಲ್ಲಿದೆ ಎಂದೆ. ನನ್ನ ನಾದಿನಿ ಹೋಗಿ ಬಾಗಿಲು ತೆರೆದದ್ದೇ ತಡ, ಒಳಗಿದ್ದುದೆಲ್ಲ ಅವಳ ಕಾಲ ಮೇಲೆ ಸುರಿಯಿತು. ಒಂದೇ ತೋಳಿನ ಸ್ವೆಟರು, ಮೂರು ಮೂಲೆಗಳಿಗೆ ಮಾತ್ರ ಕಸೂತಿಯಿರುವ ಮೇಜಿನ ಹೊದಿಕೆ, ಅರ್ಧ ಹೊಲಿದ ಕೌದಿ, ಕತ್ತರಿಸಿಟ್ಟ ರೇಷ್ಮೆ, ಉಲ್ಲನ್ ಉಂಡೆಗಳು, ಗುಂಡಿಗಳ ಡಬ್ಬಿ, ಇನ್ನೂ ಏನೇನೋ. ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಅವಳು ನಡುಮನೆಗೆ ತಂದಳು. ಭಾವನವರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಏನಮ್ಮಾ, ಜಗನ್ಮೋಹನ ಅರಮನೆಗೆ ಪೈಪೋಟಿಯಾಗಿ ನೀನೂ ಒಂದು ವಸ್ತುಸಂಗ್ರಹಾಲಯ ತೆರೆದಿದ್ದೀಯೋ? ಟಿಕೇಟು ಎಷ್ಟು?” ಎಂದರು. ಮನೆಯೆಲ್ಲ ನಕ್ಕಿತು. “ಇವಳು ಮೊದಲಿನಿಂದಲೂ ಆರಂಭಶೂರೆ” ಎಂದು ನಮ್ಮ ಯಜಮಾನರು ಒಗ್ಗರಣೆ ಹಾಕಿದರು. ನಾನೂ ನಕ್ಕೆ. ನಲವತ್ತು ವರ್ಷಗಳಿಂದ ನಗುತ್ತಲೇ ಬಂದಿದ್ದೇನೆ.

ಆದರೆ ಅಂದು ಬೆಂಗಳೂರಿನಿಂದ ಬಂದಿದ್ದ ನನ್ನ ಸೊಸೆಯ ಚೀಲದಲ್ಲೂ ಒಂದು ಅರ್ಧ ಕೆಲಸವಿತ್ತು. ಅವಳ ತಂಗಿ ಬಸುರಿ. ಹುಟ್ಟಲಿರುವ ಮಗುವಿಗೆಂದು ಹಳದಿ ದಾರದಲ್ಲಿ ಕ್ರೋಷಾದ ಪುಟ್ಟ ಅಂಗಿ. ತೋಳು ಕೂಡಿಸುವುದನ್ನು ನನ್ನಿಂದ ಕಲಿಯಬೇಕೆಂದು ತಂದಿದ್ದಳು. ಅದನ್ನು ಕಂಡು ಯಾರೋ “ಅತ್ತೆಗೆ ತಕ್ಕ ಸೊಸೆ!” ಎಂದರು. ಮತ್ತೊಮ್ಮೆ ನಗು. ಅವಳು ಏನೂ ಹೇಳದೆ ಚೀಲದ ಜಿಪ್ಪು ಎಳೆದಳು. ವಿಜಯದಶಮಿ ಕಳೆದು ಎಲ್ಲರೂ ಹೊರಟುಹೋದ ಮೇಲೆ, ಹಳೆಬಟ್ಟೆಗೆಂದು ಕಟ್ಟಿಟ್ಟ ಗಂಟಿನಲ್ಲಿ ಆ ಹಳದಿ ಅಂಗಿ ನನಗೆ ಸಿಕ್ಕಿತು. ಕ್ರೋಷಾ ಕಡ್ಡಿಯನ್ನು ಹಿರಿದು ತೆಗೆದಿದ್ದಳು.

ಆ ಗಂಟಿನ ಮುಂದೆ ಕುಳಿತಾಗ, ನಲವತ್ತು ವರ್ಷಗಳಿಂದ ನಾನು ಯಾವುದಕ್ಕೆ ನಗುತ್ತಿದ್ದೆ ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದಿತು.

ಬೀರುವಿನ ಲೆಕ್ಕವನ್ನೇ ತೆಗೆಯೋಣ. ಆಕಾಶನೀಲಿ ಸ್ವೆಟರು ಆರಂಭವಾದದ್ದು 1988ರಲ್ಲಿ, ಮಗನಿಗೆ ಮೂರು ವರ್ಷವಾಗಿದ್ದಾಗ. ಬೆನ್ನು, ಎದೆ, ಒಂದು ತೋಳು ಮುಗಿದಿತ್ತು. ಆ ನವೆಂಬರಿನಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾಲ್ಕು ತಿಂಗಳು ಅವರು ಹಾಸಿಗೆಯಲ್ಲಿ, ನಾನು ಶಾಲೆ ಮತ್ತು ಹಾಸಿಗೆಯ ನಡುವೆ. ಮರುವರ್ಷ ಚಳಿ ಬರುವ ಹೊತ್ತಿಗೆ ಮಗನ ಭುಜ ಸ್ವೆಟರನ್ನು ಮೀರಿ ಬೆಳೆದಿತ್ತು. ಕಸೂತಿಯ ಹೊದಿಕೆ 1996ರದ್ದು. ನಮ್ಮ ಅಮ್ಮ ರಾಣೆಬೆನ್ನೂರಿನ ಕಡೆಯವರು. ಗವಂತಿ, ಮುರ್ಗಿ, ನೇಯ್ಗೆ, ಮೆಂಥಿ ಎಂಬ ನಾಲ್ಕು ಹೊಲಿಗೆಗಳನ್ನೂ ಬಟ್ಟೆಯ ಎಳೆ ಎಣಿಸಿ ಹಾಕುವುದನ್ನು ನನಗೆ ಕಲಿಸಿದ್ದರು. ನಾಲ್ಕನೆಯ ಮೂಲೆಗೆ ಬರುವಾಗ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ, ಅದರ ಬೆನ್ನಿಗೇ ನಾದಿನಿಯ ಮದುವೆ. ಹೌದು, ಬುಟ್ಟಿ ಹೊತ್ತು ತಂದ ಅದೇ ನಾದಿನಿ! ಕೌದಿ 2009ರದ್ದು. ಹಿಂದಿನ ವರ್ಷ ತೀರಿಕೊಂಡ ಅಮ್ಮನ ಏಳು ಸೀರೆಗಳನ್ನು ಪದರ ಹಾಕಿ ಹೊಲಿಯತೊಡಗಿದ್ದೆ. 2010ರಲ್ಲಿ ಯಜಮಾನರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು, ಕೌದಿ ನಿಂತಿತು. ಕತ್ತರಿಸಿಟ್ಟ ರೇಷ್ಮೆಯು ನನ್ನ ಮದುವೆಯ ಮೈಸೂರು ಸಿಲ್ಕ್ ಸೀರೆ. ಮಡಿಕೆಯ ಗೆರೆಗಳಲ್ಲಿ ಹರಿಯತೊಡಗಿದ್ದ ಅದನ್ನು ಮೊಮ್ಮಗಳಿಗೆ ಲಂಗವಾಗಿಸಲು 2019ರ ಕೊನೆಯಲ್ಲಿ ಅಳತೆ ಹಾಕಿ ಕತ್ತರಿಸಿದ್ದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮಗನ ಸಂಸಾರ ಮೈಸೂರಿಗೇ ಬಂದು ನಿಂತಿತು. ಹೊಲಿಗೆಯಂತ್ರವಿದ್ದ ಕೋಣೆ ಮಗನ ಆಫೀಸಾಯಿತು, ಕತ್ತರಿಸುವ ಮೇಜು ಮೊಮ್ಮಗಳ ಶಾಲೆಯಾಯಿತು.

ಇವುಗಳಲ್ಲಿ ಯಾವುದಾದರೂ ಸೋಮಾರಿತನದಿಂದ ನಿಂತಿದೆಯೇ? ಪ್ರತಿಯೊಂದೂ ನಿಂತಿರುವುದು ಈ ಮನೆಯಲ್ಲಿ ಯಾರಿಗೋ ನಾನು ಬೇಕಾದ ದಿನ. ಆ ಬೀರುವಿನಲ್ಲಿರುವುದು ನನ್ನ ಅಶಿಸ್ತಿನ ಪುರಾವೆಯಲ್ಲ, ನಮ್ಮ ಕುಟುಂಬದ ದಿನಚರಿ. ಬಿದ್ದವರು ಎದ್ದರು, ಮದುವೆಯಾಗಬೇಕಾದವರಿಗೆ ಮದುವೆಯಾಯಿತು, ಹೃದಯ ಸರಿಹೋಯಿತು, ಮಗು ಎರಡನೆಯ ತರಗತಿ ಪಾಸಾಯಿತು. ಪೂರ್ಣಗೊಂಡ ಆ ಕೆಲಸಗಳನ್ನು ಯಾರೂ ಬುಟ್ಟಿಯಲ್ಲಿ ತುಂಬಿ ನಡುಮನೆಗೆ ತರಲಿಲ್ಲ. ಬುಟ್ಟಿಯಲ್ಲಿ ಬಂದದ್ದು ಅಪೂರ್ಣವಾದವು ಮಾತ್ರ.

ಇದು ನನ್ನೊಬ್ಬಳ ಸ್ವಾನುಕಂಪದ ಮಾತಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಾರೆ. ಗಂಡಸರು 97 ನಿಮಿಷ. ಇದು ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕವೆಂಬುದನ್ನು ಗಮನಿಸಿ. ಕೈಯನ್ನೇ ಹಾಕದವರು ಈ ಸರಾಸರಿಯೊಳಗೆ ಬರುವುದೇ ಇಲ್ಲ. 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ಹೆಂಗಸರದು 289 ನಿಮಿಷಕ್ಕೆ ಇಳಿಯಿತು. ಸಂತೋಷಪಡುವ ಮೊದಲು ಗಂಡಸರದನ್ನೂ ನೋಡಿ: 88ಕ್ಕೆ ಇಳಿದಿದೆ. ವ್ಯತ್ಯಾಸ 2019ರಲ್ಲಿ 202 ನಿಮಿಷವಿತ್ತು, 2024ರಲ್ಲಿ 201. ಐದು ವರ್ಷಗಳಲ್ಲಿ ಒಂದು ನಿಮಿಷ! ಎಂಟನೆಯ ತರಗತಿಯ ತ್ರೈರಾಶಿಕದಿಂದಲೇ ತಿಳಿಯುತ್ತದೆ: ಇದೇ ವೇಗದಲ್ಲಿ ಹೋದರೆ ಈ ಅಂತರ ಅಳಿಯಲು ಇನ್ನೂ 1005 ವರ್ಷಗಳು ಬೇಕು.

ಇನ್ನೊಂದು ಲೆಕ್ಕ. ಮೂರು ವರ್ಷದ ಮಗುವಿನ ಸ್ವೆಟರು ಹೆಣೆಯಲು ನನ್ನ ಕೈಗೆ ಸುಮಾರು 40 ಗಂಟೆ ಹಿಡಿಯುತ್ತದೆ, ಅಂದರೆ 2400 ನಿಮಿಷ. ಅದನ್ನು 201ರಿಂದ ಭಾಗಿಸಿ. ಹನ್ನೆರಡು ದಿನ. ಗಂಡ-ಹೆಂಡಿರ ನಡುವಿನ ಆ ವ್ಯತ್ಯಾಸ ಹನ್ನೆರಡು ದಿನಗಳ ಮಟ್ಟಿಗೆ ನನ್ನ ಪಾಲಿಗೆ ಬಂದಿದ್ದರೆ ಇಡೀ ಸ್ವೆಟರು ಮುಗಿಯುತ್ತಿತ್ತು. ಅದು ಇಂದಿಗೂ ಒಂಟಿ ತೋಳಿನಲ್ಲಿ ನಿಂತಿದೆ.

ನಮ್ಮ ಹಿರಿಯ ಸಂಸ್ಥೆಗಳಿಗೂ ಈ ಸತ್ಯ ಹೊಳೆಯಲು ತಡವಾಯಿತು. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಮುಂತಾದವರ ಜೊತೆಗೆ ‘ಉತ್ಪಾದಕರಲ್ಲದವರ’ ಸಾಲಿನಲ್ಲಿ ನಿಲ್ಲಿಸಿದ್ದನ್ನು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಕ್ಷೇಪಿಸಬೇಕಾಯಿತು. 2021ರ ಜನವರಿಯಲ್ಲಿ ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರು, ನಾನು ಮೇಲೆ ಹೇಳಿದ 2019ರ ಅಂಕಿಗಳನ್ನೇ ಉಲ್ಲೇಖಿಸಿ, ಗೃಹಿಣಿಯ ದುಡಿಮೆಗೂ ಆದಾಯದ ಮೌಲ್ಯ ಕಟ್ಟಬೇಕೆಂದು ಬರೆದರು. ಆದರೆ ಆ ಮೌಲ್ಯ ಕಟ್ಟಲು ಆಕೆ ಸಾಯಬೇಕಾಯಿತು ಎಂಬುದನ್ನು ಮರೆಯದಿರೋಣ. ಬದುಕಿರುವವಳ ಗಂಟೆಗಳನ್ನು ಎಣಿಸುವವರು ಯಾರು?

ಈಗ ಪ್ರತಿವಾದಗಳಿಗೆ ಬರುತ್ತೇನೆ. “ಮುಗಿಸಲಾಗದಿದ್ದರೆ ಆರಂಭಿಸುವುದೇಕೆ?” ಎಂದು ಭಾವನವರು ಕೇಳಿದರು. ಅವರಿಗೆ ನಾನು ಕೇಳುವ ಪ್ರಶ್ನೆ: ಹಳೇಬೀಡನ್ನು ನೋಡಲು ನಮ್ಮನ್ನೆಲ್ಲ ಕರೆದೊಯ್ದವರು ತಾವೇ ಅಲ್ಲವೆ? 12ನೇ ಶತಮಾನದಲ್ಲಿ ಆರಂಭವಾದ ಹೊಯ್ಸಳೇಶ್ವರ ದೇವಾಲಯ ಪೂರ್ಣಗೊಳ್ಳಲೇ ಇಲ್ಲವೆಂದು ಶಾಲೆಯ ಪ್ರವಾಸದಲ್ಲಿ ನಾವು ಮಕ್ಕಳಿಗೆ ಹೇಳುತ್ತಿದ್ದೆವು. ಅರೆಕೆತ್ತನೆಯ ಕಲ್ಲುಗಳನ್ನು ಬೆರಳಿಟ್ಟು ತೋರಿಸುತ್ತಿದ್ದೆವು. 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ಅದೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ನಿಂತು ಯಾರಾದರೂ “ಈ ಹೊಯ್ಸಳರು ಆರಂಭಶೂರರಪ್ಪಾ” ಎಂದು ನಕ್ಕದ್ದುಂಟೆ? ದಾಳಿ ಬಂತು, ಕಾಲ ಕೆಟ್ಟಿತು ಎಂದು ಸಹಾನುಭೂತಿಯಿಂದ ಕಾರಣ ಹುಡುಕುತ್ತೇವೆ. ನನ್ನ ಕೌದಿಗೂ ಕಾಲ ಕೆಟ್ಟಿತ್ತು ಎಂದರೆ ಮಾತ್ರ ನೆಪವಾಗುತ್ತದೆ.

“ಅಂಗಡಿಯಲ್ಲಿ ಇನ್ನೂರೈವತ್ತು ರೂಪಾಯಿಗೆ ಸ್ವೆಟರು ಸಿಗುವಾಗ ಈ ಕಷ್ಟ ಏಕೆ?” ಎಂಬುದು ಎರಡನೆಯ ಪ್ರತಿವಾದ. ಸಿಗುತ್ತದೆ, ನಿಜ. ಆದರೆ ಅಮ್ಮನ ಏಳು ಸೀರೆಗಳ ಕೌದಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹರಿದ ರೇಷ್ಮೆಯನ್ನು ಲಂಗವಾಗಿಸುವುದು, ಹಳೆಯ ಪಂಚೆಯನ್ನು ತೊಟ್ಟಿಲ ಬಟ್ಟೆಯಾಗಿಸುವುದು, ಅದೂ ಹರಿದ ಮೇಲೆ ಕಾಲೊರಸಾಗಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದದ್ದು. ಈಗ ಅದಕ್ಕೆ ‘ಅಪ್‌ಸೈಕ್ಲಿಂಗ್’ ಎಂಬ ಹೆಸರು ಬಂದಿದೆ. ಅದೇ ಕೆಲಸ ಬೊಟೀಕಿನ ಗಾಜಿನ ಹಿಂದೆ ಕುಳಿತರೆ ಪರಿಸರ ಸಂರಕ್ಷಣೆ, ನನ್ನ ಬೀರುವಿನಲ್ಲಿದ್ದರೆ ಕಸ!

ಮೂರನೆಯದು, “ನಮ್ಮ ಅಮ್ಮ ಹತ್ತು ಮಕ್ಕಳನ್ನು ಹೆತ್ತೂ ಎಲ್ಲವನ್ನೂ ಮುಗಿಸುತ್ತಿದ್ದಳು” ಎಂಬ ಮಾತು. ಈ ಪ್ರತಿವಾದಕ್ಕೆ ನಾನು ಗೌರವ ಕೊಡುತ್ತೇನೆ. ಆದರೆ ಅವರು ಒಂಟಿಯಾಗಿ ಮುಗಿಸುತ್ತಿರಲಿಲ್ಲ. ಅಮ್ಮನ ತವರಿನಲ್ಲಿ ಕೌದಿ ಹಾಸಿದರೆ ಓಣಿಯ ನಾಲ್ಕಾರು ಹೆಂಗಸರು ಸುತ್ತ ಕುಳಿತು ನಾಲ್ಕೂ ಕಡೆಯಿಂದ ದಾರ ಎಳೆಯುತ್ತಿದ್ದರು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಇಂದಿಗೂ ಹಳೆಯ ಬಟ್ಟೆಯ ಕವಂದಿಗಳನ್ನು ಅಂಚಿನಿಂದ ಆರಂಭಿಸಿ ಒಳಮುಖವಾಗಿ ಹೊಲಿಯುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ‘ಫೂಲ’ ಎಂಬ ಬಟ್ಟೆಯ ಹೂವು ಇಡದೆ ಅದು ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಮುಗಿಸುವುದರ ಬೆಲೆ ಅವರಿಗೂ ಗೊತ್ತು, ನನಗೂ ಗೊತ್ತು. ಓಣಿಯ ನಾಲ್ಕಾರು ಜೊತೆ ಕೈಗಳು ನಮ್ಮ ಮನೆಯಲ್ಲಿ ಒಂದು ಜೊತೆಯಾದವು. ಅವುಗಳಿಗೇ ಹಾಜರಿ ಪುಸ್ತಕ, ಕುಕ್ಕರು, ಔಷಧಿಯ ಚೀಟಿ, ಪರೀಕ್ಷೆಯ ಬಂಡಲುಗಳು ಬಂದವು. ಹಳೆಯ ಕೆಲಸವನ್ನು ಹಾಗೆಯೇ ಉಳಿಸಿಕೊಂಡು ಹಳೆಯ ಸಹಾಯವನ್ನು ಕಿತ್ತುಕೊಂಡ ಮೇಲೆ, ಹೋಲಿಕೆ ಮಾಡುವುದು ನ್ಯಾಯವೆ?

“ಈಗ ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತಲ್ಲ, ಈಗ ಮುಗಿಸಬಹುದಲ್ಲ?” ಎಂದು ಯಜಮಾನರು ಕೇಳುತ್ತಾರೆ. ಪ್ರಾಮಾಣಿಕವಾಗಿ ಉತ್ತರಿಸುತ್ತೇನೆ. ಒಂದಿಷ್ಟು ತಪ್ಪು ನನ್ನದೂ ಹೌದು. ವಾಟ್ಸಾಪಿನಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಕರಗುತ್ತದೆ. ಶಿವರಾಂಪೇಟೆಯಲ್ಲಿ ರಿಯಾಯಿತಿ ಎಂದು ಹದಿನಾಲ್ಕು ಉಂಡೆ ಗುಲಾಬಿ ಉಲ್ಲನ್ ತಂದದ್ದು ಶುದ್ಧ ದುರಾಸೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಉಳಿದದ್ದು? ನಿವೃತ್ತ ಗಂಡಸಿನ ಸಮಯ ಅವನದು. ಅದು ವಾಯುವಿಹಾರಕ್ಕೆ, ಪತ್ರಿಕೆಗೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಹರಟೆಗೆ. ನಿವೃತ್ತ ಹೆಂಗಸಿನ ಸಮಯ ಊರಿನ ಗೋಮಾಳ. ಯಾರ ದನವಾದರೂ ಮೇಯಬಹುದು!

ಇನ್ನು ಗಾಂಧೀಜಿಯವರ ಮಾತು. ಯಂತ್ರಗಳನ್ನು ವಿರೋಧಿಸುತ್ತಿದ್ದ ಅವರು 1924ರಲ್ಲಿ ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ಕಂಡು ಸಿಂಗರ್ ಎಂಬಾತ ಪ್ರೀತಿಯಿಂದ ಅದನ್ನು ಕಂಡುಹಿಡಿದನೆಂದು ಅವರು ಭಾವಿಸಿದ್ದರು. ಯಂತ್ರ ನಮ್ಮ ಮನೆಗೂ ಬಂತು, ಹೊಲಿಗೆಯ ದಣಿವು ಕಡಿಮೆಯಾಯಿತು. ಉಳಿದ ಸಮಯ ಮಾತ್ರ ಹೆಂಡತಿಯ ಕೈಗೆ ಬರಲಿಲ್ಲ. ಅದು ಇನ್ನೊಂದು ಬಗೆಯ ಪಲ್ಯವಾಯಿತು. ಯಂತ್ರ ಸಮಯವನ್ನು ಉಳಿಸಬಲ್ಲದು, ಹಂಚಲಾರದು. ಹಂಚಬೇಕಾದವರು ಮನುಷ್ಯರು.

ಹಂಚುವುದನ್ನು ಕಲಿಸಬೇಕಾಗಿದ್ದ ಸ್ಥಳ ಶಾಲೆ. ಇಲ್ಲಿ ನಾನು ಕಟಕಟೆಗೆ ಹತ್ತಬೇಕು. 1937ರ ವಾರ್ಧಾ ಸಮ್ಮೇಳನದಿಂದ ಮೂಡಿದ ಮೂಲಶಿಕ್ಷಣದಲ್ಲಿ ತಕಲಿ ಹುಡುಗರ ಕೈಯಲ್ಲೂ ತಿರುಗುತ್ತಿತ್ತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಶಿಫಾರಸು ಮಾಡಿದಾಗಲೂ ಸೂಜಿಗೆ ಲಿಂಗವಿರಲಿಲ್ಲ. ಲಿಂಗ ಕೊಟ್ಟವರು ನಾವು, ಶಿಕ್ಷಕರು. ಹುಡುಗರಿಗೆ ತೋಟ, ಹುಡುಗಿಯರಿಗೆ ಹೊಲಿಗೆ. 1990ರ ದಶಕದ ಆರಂಭದಲ್ಲಿ ಹೊಲಿಗೆ ಶಿಕ್ಷಕಿಯ ಹುದ್ದೆ ಖಾಲಿಯಿದ್ದುದರಿಂದ ಆ ತರಗತಿ ನನ್ನ ಹೆಗಲೇರಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ವರ್ಷವಿಡೀ ಒಂದು ದಿಂಬಿನ ಚೀಲವನ್ನು ಮುಗಿಸಲಿಲ್ಲ. ಪ್ರತಿ ವಾರ ಅದೇ ಅರ್ಧ ಗುಲಾಬಿ ಹೂವು. ಎಲ್ಲರೆದುರು ಅದನ್ನು ಎತ್ತಿಹಿಡಿದು, “ಈ ಹೂವು ಅರಳುವ ಹೊತ್ತಿಗೆ ನಾನು ನಿವೃತ್ತಳಾಗುತ್ತೇನೆ” ಎಂದಿದ್ದೆ. ತರಗತಿ ನಕ್ಕಿತು. ‘ಸಿ’ ಶ್ರೇಣಿ ಬರೆದೆ.

ಹತ್ತು ವರ್ಷಗಳ ನಂತರ ಒಂದು ಮದುವೆಯ ಛತ್ರದಲ್ಲಿ ಅವಳೇ ಬಂದು ಮಾತನಾಡಿಸಿದಳು. “ಮೇಡಂ, ಆ ಹೂವು ಇನ್ನೂ ಅರಳಿಲ್ಲ” ಎಂದು ನಗುತ್ತಲೇ ಹೇಳಿದಳು. ಆ ವರ್ಷ ಅವಳ ತಾಯಿ ಹಾಸಿಗೆ ಹಿಡಿದಿದ್ದರಂತೆ. ಐದು ಜನರಿಗೆ ಅಡಿಗೆ ಮಾಡಿಟ್ಟು ಶಾಲೆಗೆ ಬರುತ್ತಿದ್ದಳಂತೆ. ನಾನು ಒಂದೇ ಒಂದು ದಿನ “ಏಕಮ್ಮಾ?” ಎಂದು ಕೇಳಿರಲಿಲ್ಲ. ಅದೇ ವರ್ಷ ಹುಡುಗರು ಅರ್ಧಕ್ಕೆ ಬಿಟ್ಟ ತೋಟದ ಪಾತಿಗಳಿಗೆ “ಮಳೆ ಕಡಿಮೆ” ಎಂಬ ಕಾರಣವನ್ನು ನಾವೇ ಹುಡುಕಿ ಎಲ್ಲರಿಗೂ ‘ಬಿ’ ಕೊಟ್ಟಿದ್ದೆವು. ಅಮ್ಮಾ, ಇದನ್ನು ನೀನು ಓದುತ್ತಿದ್ದರೆ, ಆ ‘ಸಿ’ ನಿನ್ನದಲ್ಲ, ನನ್ನದು. ಕೇಳಬೇಕಾದ ಪ್ರಶ್ನೆಯನ್ನು ಕೇಳದ ಶಿಕ್ಷಕಿಗೆ ಸಲ್ಲಬೇಕಾದದ್ದು.

ಆದ್ದರಿಂದ ನನ್ನ ವಾದದ ಸಾರಾಂಶ ಇಷ್ಟು. ಮನೆಯಲ್ಲಿ ಅರ್ಧಕ್ಕೆ ನಿಂತ ಕೈಕೆಲಸ ಕಂಡರೆ ಮೊದಲು ನಗಬೇಡಿ. ಅದು ಯಾವ ತಾರೀಖಿಗೆ ನಿಂತಿತು, ಅಂದು ಮನೆಯಲ್ಲಿ ಏನಾಗಿತ್ತು ಎಂದು ಕೇಳಿ. ಬಹುಪಾಲು ಸಂದರ್ಭಗಳಲ್ಲಿ ಉತ್ತರದಲ್ಲಿ ನಿಮ್ಮ ಹೆಸರೇ ಇರುತ್ತದೆ. ಗಂಡಸರೇ, ಹೊಗಳಿಕೆ ಬೇಡ, ಹುಟ್ಟುಹಬ್ಬಕ್ಕೆ ದುಬಾರಿ ಹೊಲಿಗೆಯಂತ್ರವೂ ಬೇಡ. ದಿನಕ್ಕೆ ಒಂದು ಗಂಟೆಯ ಮನೆಗೆಲಸವನ್ನು, ಹೇಳಿಸಿಕೊಳ್ಳದೆ, ನಿಮ್ಮದೆಂದು ತೆಗೆದುಕೊಳ್ಳಿ. ‘ಸಹಾಯ’ ಎಂಬ ಪದ ಬೇಡ. ಸ್ವಂತ ಮನೆಯಲ್ಲಿ ಯಾರೂ ಸಹಾಯ ಮಾಡುವುದಿಲ್ಲ. ಗಂಡುಮಕ್ಕಳಿಗೆ ಗುಂಡಿ ಹೊಲಿಯಲು, ಕಾಜ ಹಾಕಲು ಕಲಿಸಿ. ಹೆಂಗಸರಿಗೂ ಒಂದು ಮಾತು: ಎಲ್ಲವನ್ನೂ ಮುಗಿಸಲೇಬೇಕೆಂಬ ಹಟ ಬೇಡ. ಬೇಡವಾದದ್ದನ್ನು ಬಿಚ್ಚಿಬಿಡಿ. ಬಿಚ್ಚಿದರೆ ಮತ್ತೆ ಉಂಡೆಯಾಗುವುದು ಉಲ್ಲನ್ನಿನ ದೊಡ್ಡ ಗುಣ. ಆದರೆ ಬಿಚ್ಚುವ ನಿರ್ಧಾರ ನಿಮ್ಮದಾಗಿರಲಿ, ಇನ್ನೊಬ್ಬರ ನಗುವಿನಿಂದ ಆಗದಿರಲಿ.

ನಾನು ಸೊಸೆಗೆ ಫೋನು ಮಾಡಿದೆ. “ಅಂದು ನಾನೂ ನಕ್ಕೆನಲ್ಲಮ್ಮಾ, ತಪ್ಪಾಯಿತು” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಡಿ ಅತ್ತೆ, ಮುಂದಿನ ಸಲ ಬಂದಾಗ ನೋಡೋಣ” ಎಂದಳು. ಅವಳ ತಂಗಿಗೆ ಹೆಣ್ಣುಮಗುವಾಗಿ ತಿಂಗಳುಗಳೇ ಕಳೆದಿವೆ; ಆ ಅಂಗಿ ಇನ್ನು ಮಗುವಿಗೆ ಆಗಲಾರದು. ತೋಳು ಕೂಡಿಸುವುದು ನನಗೆ ಒಂದು ಸಂಜೆಯ ಕೆಲಸ. ಕೂಡಿಸಿಲ್ಲ. ಅದು ಅವಳ ಕೆಲಸ; ಕಡ್ಡಿಯನ್ನು ಅದರ ಜೊತೆಯಲ್ಲೇ ಸುತ್ತಿ ಇಟ್ಟಿದ್ದೇನೆ.

ಯಜಮಾನರು ಈ ಬರಹದ ಕರಡನ್ನು ಓದಿ ಅರ್ಧ ದಿನ ಮಾತನಾಡಲಿಲ್ಲ. ಆಮೇಲೆ, ಮಂಗಳವಾರ ಮತ್ತು ಶುಕ್ರವಾರದ ರಾತ್ರಿಯಡಿಗೆ ತಮ್ಮದೆಂದರು. ಎರಡು ತಿಂಗಳಾಯಿತು, ಏಳು ಸಲ ತಪ್ಪಿಸಿದ್ದಾರೆ, ಹತ್ತು ಸಲ ಉಪ್ಪಿಟ್ಟು ಮಾಡಿದ್ದಾರೆ. ಅಷ್ಟರಲ್ಲಿ ಕೌದಿ ಒಂದು ಗೇಣು ಮುಂದುವರಿದಿದೆ.

ಮುಂದಿನ ದಸರೆಗೆ ಬರುವ ಬಂಧುಗಳಿಗೆಲ್ಲ ಆದರದ ಸ್ವಾಗತ. ಬೀರುವಿನ ಬಾಗಿಲು ತೆರೆದೇ ಇರುತ್ತದೆ. ಕೌದಿಯನ್ನು ನಡುಮನೆಯಲ್ಲಿ ಹಾಸಿರುತ್ತೇನೆ. ನಾಲ್ಕು ಮೂಲೆಗೆ ನಾಲ್ಕು ಸೂಜಿ. ಭಾವನವರೇ, ಒಂದು ಮೂಲೆ ತಮ್ಮದು. ದಾರ ನಾನೇ ಪೋಣಿಸಿಕೊಡುತ್ತೇನೆ.